14 ತಿಂಗಳ ನಂತರ, ಒಂದು ಫಾಯಿಲ್ ಹಾಳೆ: ಒಂದು ಪ್ರಕರಣ ಅಧ್ಯಯನ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಬರುವ ವ್ಯಕ್ತಿ ಯಾರೋ ಒಬ್ಬನಲ್ಲ. ಹೆರಾಯಿನ್ ಬಿಟ್ಟು, ತಿಂಗಳುಗಟ್ಟಲೆ ಚೆನ್ನಾಗಿದ್ದು, ಮತ್ತೆ ಜಾರಿದವರ ಬದುಕಿನಲ್ಲಿ ಪದೇ ಪದೇ ಕಾಣುವ ಸಂಗತಿಗಳನ್ನು ಕೂಡಿಸಿ ಕಟ್ಟಿದ ಒಬ್ಬ. ಅಕ್ಕ, ಚಿಕಿತ್ಸೆಯ ತಂಡ, ಆ ತಂಡದಲ್ಲಿ ಒಬ್ಬಳಾಗಿ ಈ ಕಥೆ ಹೇಳುವ 'ನಾನು', ಎಲ್ಲರೂ ಹಾಗೇ ಕಟ್ಟಿದವರು. ಅವನಿಗೆ ಹೆಸರು ಇಟ್ಟಿಲ್ಲ. 'ಆತ' ಅಂತಲೇ ಇರಲಿ. ನಡುವೆ ಬರುವ ಸಂಶೋಧನೆಗಳು ಮಾತ್ರ ನಿಜವಾಗಿ ನಡೆದವು.

ಆ ಮಧ್ಯಾಹ್ನ

ಆತನಿಗೆ 34 ವರ್ಷ. ಆರು ವರ್ಷ ಹೆರಾಯಿನ್ ಸೇದಿದವನು. ಸೂಜಿ ಮುಟ್ಟಿರಲಿಲ್ಲ, ಫಾಯಿಲ್ ಮೇಲಿಟ್ಟು ಹೊಗೆ ಎಳೆಯುವ ಅಭ್ಯಾಸ. ಚಿಕಿತ್ಸೆಗೆ ಸೇರಿ 14 ತಿಂಗಳಾಗಿತ್ತು. ಬೇರೆ ಬಡಾವಣೆಯಲ್ಲಿ ಮನೆ ಮಾಡಿದ್ದ, ಹೊಸ ಕೆಲಸ ಹಿಡಿದಿದ್ದ, ಫೋನ್ ನಂಬರ್ ಕೂಡ ಬದಲಾಯಿಸಿದ್ದ. ಮೂತ್ರ ಪರೀಕ್ಷೆ ಪ್ರತಿ ಸಲವೂ ಕ್ಲೀನ್.

ಆತನ ಅಕ್ಕ ಮನೆ ಖಾಲಿ ಮಾಡುತ್ತಿದ್ದರು. ಚಟದ ದಿನಗಳಲ್ಲಿ ಆತ ಇದ್ದದ್ದು ಅದೇ ಮನೆಯಲ್ಲಿ. ಸಾಮಾನು ಕಟ್ಟೋಕೆ ಬಾ ಅಂದರು, ಹೋದ. ಅಡುಗೆಮನೆಯಲ್ಲಿ ಒಂದು ಪಾತ್ರೆಗೆ ಮುಚ್ಚಳ ಸಿಗಲಿಲ್ಲ. "ಆ ಡ್ರಾಯರ್‌ನಲ್ಲಿ ಫಾಯಿಲ್ ಇದೆ ನೋಡೋ, ಅದನ್ನೇ ಮುಚ್ಚಿಬಿಡು" ಅಂದರು ಅಕ್ಕ.

ಡ್ರಾಯರ್ ಎಳೆದ. ರೋಲ್ ತೆಗೆದ. ಡಬ್ಬಿಯ ಅಂಚಿನ ಹಲ್ಲಿಗೆ ಒತ್ತಿ ಸರ್ರನೆ ಹರಿದ. ಆಮೇಲೆ ಹಾಳೆಯನ್ನು ಕಟ್ಟೆಯ ಮೇಲೆ ಹಾಸಿ, ಹೆಬ್ಬೆರಳಿನ ಉಗುರಿನಿಂದ ಅದರ ಸುಕ್ಕು ತೀಡಿದ. ಒಂದು ಸಲ, ಇನ್ನೊಂದು ಸಲ. ಪಾತ್ರೆ ಮುಚ್ಚೋಕೆ ಯಾರಾದರೂ ಫಾಯಿಲ್‌ನ ಸುಕ್ಕು ತೀಡುತ್ತಾರಾ?

"ಆಗ ನನಗೆ ಏನೂ ನೆನಪಾಗಲಿಲ್ಲ ಮೇಡಂ" ಅಂತ ಆಮೇಲೆ ಹೇಳಿದ. "ಹಳೇದು ಯಾವುದೂ ಕಣ್ಮುಂದೆ ಬರಲಿಲ್ಲ. ಸುಮ್ನೆ ಹೊಟ್ಟೆ ತೊಳೆಸಿತು. ಆಕಳಿಕೆ ಮೇಲೆ ಆಕಳಿಕೆ. ಕಣ್ಣಲ್ಲಿ ನೀರು. ಗಂಟಲ ಹತ್ತಿರ ಆ ಕಹಿ. ಜ್ವರ ಬರ್ತಿದೆ ಅಂದ್ಕೊಂಡೆ."

ಪಾತ್ರೆ ಮುಚ್ಚಿದ. ಇನ್ನೂ ನಾಲ್ಕು ಪೆಟ್ಟಿಗೆ ಕಟ್ಟಿದ. ಸಂಜೆ ಹೊರಗೆ ಹೋಗಿಬರ್ತೀನಿ ಅಂದು ಹೊರಟಾಗ ಶರ್ಟಿನ ಜೇಬಿನಲ್ಲಿ ಫಾಯಿಲ್‌ನ ಒಂದು ತುಂಡಿತ್ತು. ಅದನ್ನು ಯಾವಾಗ ಜೇಬಿಗೆ ಹಾಕಿಕೊಂಡೆ ಅಂತ ಆತನಿಗೆ ಇವತ್ತಿಗೂ ಗೊತ್ತಿಲ್ಲ.

ರಾತ್ರಿ ಅದೇ ಮನೆಯ ಬಚ್ಚಲಲ್ಲಿ ಸೇದಿದ. ಹಿಂದೆ ಎಷ್ಟು ಸೇದುತ್ತಿದ್ದನೋ ಅಷ್ಟೇ. ಅಕ್ಕ ಬಾಗಿಲು ಬಡಿದು ಬಡಿದು ಕೊನೆಗೆ ಚಿಲಕ ಮುರಿಸಿದರು. ತುಟಿ ನೀಲಿಗಟ್ಟಿತ್ತು. ಉಸಿರು ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. ಆಂಬುಲೆನ್ಸ್ ಬೇಗ ಬಂತು, ಹೆರಾಯಿನ್‌ನ ಪರಿಣಾಮ ತಡೆದು ಉಸಿರು ಮರಳಿಸುವ ನಲಾಕ್ಸೋನ್ ಎಂಬ ಔಷಧ ಕೊಟ್ಟರು, ಬದುಕಿಕೊಂಡ.

ಮಾರನೇ ದಿನ ಮನೆಯವರು ಕೇಳಿದ್ದು ಎರಡೇ ಪ್ರಶ್ನೆ. ಅಣ್ಣನದು ಎಲ್ಲರೂ ಕೇಳುವಂಥದ್ದು: "ಒಂದು ವರ್ಷದ ಮೇಲೆ ಬಿಟ್ಟಿದ್ದನಲ್ಲ, ಮನಸ್ಸು ಗಟ್ಟಿ ಮಾಡ್ಕೊಳ್ಳೋಕೆ ಏನಾಗಿತ್ತು?" ಅಕ್ಕನದು ಬೇರೆ: "ನಾನು ಫಾಯಿಲ್ ತೆಗಿ ಅಂದದ್ದೇ ತಪ್ಪಾಯ್ತಾ?"

ನನ್ನ ಪ್ರಕಾರ ಅಕ್ಕನ ಪ್ರಶ್ನೆಯೇ ಸರಿಯಾದ ಜಾಗಕ್ಕೆ ಕೈ ಹಾಕಿತ್ತು. ತಪ್ಪು ಅವರದಲ್ಲ ಅನ್ನುವುದು ಬೇರೆ ಮಾತು.

ಹೊಟ್ಟೆಗೆ ಮೊದಲು ಗೊತ್ತಾಯಿತು

ಆಕಳಿಕೆ, ಕಣ್ಣೀರು, ಹೊಟ್ಟೆ ತೊಳೆಸುವುದು ಇವೆಲ್ಲ ಹೆರಾಯಿನ್ ಬಿಟ್ಟ ಮೊದಲ ದಿನಗಳ ಲಕ್ಷಣಗಳು. ಒಂದೆರಡು ವಾರದಲ್ಲಿ ಇಳಿದುಹೋಗುತ್ತವೆ. 14 ತಿಂಗಳ ನಂತರ ಮೈಯಲ್ಲಿ ಔಷಧದ ಹನಿಯೂ ಇಲ್ಲದಾಗ ಅವು ಹೇಗೆ ಬಂದವು?

ಇದನ್ನು ಮೊದಲು ಗಂಭೀರವಾಗಿ ಗಮನಿಸಿದವರು ಅಮೆರಿಕದ ವೈದ್ಯ ಅಬ್ರಹಾಂ ವಿಕ್ಲರ್. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ 1935ರಲ್ಲಿ ಶುರುವಾದ, ಮಾದಕ ಚಟ ಬಿಡಿಸುವ ಸರ್ಕಾರಿ ಆಸ್ಪತ್ರೆಯಲ್ಲಿ ಅವರು ಕೆಲಸ ಮಾಡುತ್ತಿದ್ದರು. ತಿಂಗಳುಗಟ್ಟಲೆ ಅಲ್ಲಿದ್ದು ಪೂರ್ತಿ ಬಿಟ್ಟವರು ತಮ್ಮ ಹಳೆಯ ಜಾಗಕ್ಕೆ ಕಾಲಿಟ್ಟ ಕೂಡಲೇ ಮೂಗು ಸೋರುವುದು, ಮೈ ಜುಮ್ಮೆನ್ನುವುದು ಶುರುವಾಗುತ್ತಿತ್ತು. ಅಲ್ಲೇ ಆಸ್ಪತ್ರೆಯಲ್ಲಿ ಗುಂಪಾಗಿ ಕೂತು ಹಳೆಯ ಮಾತಾಡುವಾಗಲೂ ಕೆಲವರಿಗೆ ಹೀಗಾಗುತ್ತಿತ್ತು. 1948ರಲ್ಲಿ ವಿಕ್ಲರ್ ಒಂದು ವಿವರಣೆ ಮುಂದಿಟ್ಟರು. ಗಂಟೆಯ ಸದ್ದಿಗೆ ಪಾವ್ಲೋವ್‌ನ ನಾಯಿ ಜೊಲ್ಲು ಸುರಿಸುವ ಹಾಗೆ, ಜಾಗ ಮತ್ತು ವಸ್ತುಗಳಿಗೆ ಮೈ ಪಾಠ ಕಲಿತಿದೆ ಅಂತ.

ಆ ಪಾಠ ಮಿದುಳಿನಲ್ಲಿ ಎಲ್ಲಿ ಕೂರುತ್ತದೆ ಅನ್ನುವುದು ಸ್ವಲ್ಪ ಸ್ವಲ್ಪವಾಗಿ ಗೊತ್ತಾಗುತ್ತಾ ಬಂತು. ಮಿದುಳಿನ ನಡುಭಾಗದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಸಂದೇಶವಾಹಕವನ್ನು ಮಾಡುವ ನರಕೋಶಗಳ ಒಂದು ಚಿಕ್ಕ ಗುಂಪಿದೆ. ಅವುಗಳ ಎಳೆಗಳು ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಜಾಗಕ್ಕೂ, ಹಣೆಯ ಹಿಂದಿನ ಭಾಗಕ್ಕೂ ಹೋಗುತ್ತವೆ. ಮಾಮೂಲಿಯಾಗಿ ಈ ಕೋಶಗಳಿಗೆ ಬ್ರೇಕ್ ಹಾಕುವ ಬೇರೆ ಕೋಶಗಳಿರುತ್ತವೆ. ಹೆರಾಯಿನ್ ಆ ಬ್ರೇಕನ್ನೇ ಮಲಗಿಸುತ್ತದೆ. ಡೋಪಮೈನ್ ಉಕ್ಕುತ್ತದೆ.

ಡೋಪಮೈನ್ ಅಂದರೆ ಸುಖದ ರಸ ಅಂತ ಬಹಳ ಜನ ಬರೆಯುತ್ತಾರೆ. ನನಗೆ ಆ ಮಾತು ಕೇಳಿದರೆ ಸ್ವಲ್ಪ ಸಿಟ್ಟೇ ಬರುತ್ತದೆ. ವುಲ್ಫ್‌ರಾಮ್ ಶುಲ್ಟ್ಜ್ ಕೋತಿಗಳ ಮೇಲೆ ಮಾಡಿದ ಪ್ರಯೋಗ ನೋಡಿ. ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಡೋಪಮೈನ್ ಕೋಶಗಳು ಮಿಡಿಯುತ್ತಿದ್ದವು. ರಸಕ್ಕೆ ಮೊದಲು ಒಂದು ದೀಪ ಹತ್ತುತ್ತದೆ ಅಂತ ಕೋತಿ ಕಲಿತ ಮೇಲೆ ಮಿಡಿತ ದೀಪಕ್ಕೆ ಜರುಗಿತು. ರಸ ಬಂದಾಗ ಏನೂ ಇಲ್ಲ. ಅಂದರೆ ಈ ಕೋಶಗಳು "ಅಂದುಕೊಂಡದ್ದಕ್ಕಿಂತ ಜಾಸ್ತಿ ಸಿಕ್ಕಿತು, ಇದಕ್ಕೆ ಮೊದಲು ಏನು ಬಂತೋ ಅದನ್ನು ಗುರುತು ಹಾಕಿಕೋ" ಅಂತ ಹೇಳುವ ಮೇಷ್ಟರ ಹಾಗೆ. ಹಣ್ಣಿನ ರಸ ಅಭ್ಯಾಸವಾದ ಮೇಲೆ ಮೇಷ್ಟರು ಸುಮ್ಮನಾಗುತ್ತಾರೆ. ಹೆರಾಯಿನ್ ವಿಷಯದಲ್ಲಿ ಹಾಗಾಗುವುದಿಲ್ಲ. ಅದು ನೇರವಾಗಿ ಡೋಪಮೈನ್ ಉಕ್ಕಿಸುವುದರಿಂದ, ಪ್ರತಿ ಸಲವೂ ಹೊಸ ಪಾಠದ ಹಾಗೆಯೇ ದಾಖಲಾಗುತ್ತದೆ.

ಈಗ ಲೆಕ್ಕ ಹಾಕಿ. ದಿನಕ್ಕೆ ಮೂರು ಸಲ ಅಂದರೂ ಆರು ವರ್ಷಕ್ಕೆ 6,500ಕ್ಕಿಂತ ಜಾಸ್ತಿ. ಅಷ್ಟು ಸಲವೂ ಹೊಗೆಗೆ ಮೊದಲು ಬಂದದ್ದು ಫಾಯಿಲ್ ಹರಿಯುವ ಸದ್ದು ಮತ್ತು ಉಗುರು ತೀಡುವ ಕೈ. ಯಾವ ಮಗುವೂ ಮಗ್ಗಿಯನ್ನು ಇಷ್ಟು ಸಲ ಹೇಳಿರುವುದಿಲ್ಲ.

ಇಷ್ಟೊಂದು ಸಲ ಬೇಕೇ ಬೇಕು ಅಂತಲೂ ಇಲ್ಲ. ಇಲಿಮರಿಯಂಥ ಮೌಸ್‌ಗಳಿಗೆ ಒಂದೇ ಒಂದು ಸಲ ಕೊಕೇನ್ ಕೊಟ್ಟು ನೋಡಿದ 2001ರ ಅಧ್ಯಯನವಿದೆ. ಡೋಪಮೈನ್ ಕೋಶಗಳ ಮೇಲಿನ ನರಸಂಧಿಗಳು, ಅಂದರೆ ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗಗಳು, ಆ ಒಂದೇ ಡೋಸ್‌ಗೆ ಗಟ್ಟಿಯಾದವು. ಐದು ದಿನ ಹಾಗೇ ಇದ್ದು, ಹತ್ತನೇ ದಿನದ ಹೊತ್ತಿಗೆ ಮೊದಲಿನಂತಾದವು. ಪಾಠ ಕಲಿಯುವಾಗ ನರಸಂಧಿ ಗಟ್ಟಿಯಾಗುವ ಬಗೆಯೂ ಇದೇ. ಚಟಕ್ಕೆ ಅಂತ ಮಿದುಳಿನಲ್ಲಿ ಬೇರೆ ಯಂತ್ರವಿಲ್ಲ. ಸೈಕಲ್ ಕಲಿಸುವ, ದಾರಿ ನೆನಪಿಡಿಸುವ ಯಂತ್ರವನ್ನೇ ಅದು ಬಾಡಿಗೆಗೆ ಹಿಡಿಯುತ್ತದೆ.

ಆ ಬಾಡಿಗೆಯಲ್ಲಿ ಕೆಲಸ ಹಂಚಿಕೆಯಾಗಿರುತ್ತದೆ. ಫಾಯಿಲ್ ಕಂಡಾಗ ಎದೆ ಡವಗುಟ್ಟಿಸುವುದರಲ್ಲಿ ಮಿದುಳಿನ ಅಮಿಗ್ಡಲಾ ಎಂಬ ಭಾಗದ ಕೈವಾಡ ದೊಡ್ಡದು. 'ಈ ಅಡುಗೆಮನೆ, ಈ ಡ್ರಾಯರ್' ಅನ್ನುವ ಜಾಗದ ನೆನಪು ಹಿಪೊಕ್ಯಾಂಪಸ್ ಎಂಬ ಇನ್ನೊಂದು ಭಾಗದ್ದು. ಉಗುರು ತೀಡಿತಲ್ಲ, ಅದು ಇನ್ನೊಂದು ದಾರಿ. ಬಹಳ ಕಾಲ ಮಾಡಿದ ಕೆಲಸ ಮಿದುಳಿನ ಒಳಗಿರುವ ಸ್ಟ್ರಯಾಟಮ್ ಎಂಬ ಭಾಗದ ಮೇಲ್ಭಾಗಕ್ಕೆ ಜರುಗಿ ಕೈಯ ರೂಢಿಯಾಗುತ್ತದೆ. ಆಮೇಲೆ ಅದಕ್ಕೆ ನಮ್ಮ ಅಪ್ಪಣೆ ಬೇಡ. ಜೇಬಿನ ತುಂಡು ಫಾಯಿಲ್ ಅಲ್ಲಿಗೆ ಹೋದದ್ದು ಹೀಗೇ ಇರಬೇಕು ಅನ್ನುವುದು ನನ್ನ ಊಹೆ.

"ಏನೂ ನೆನಪಾಗಲಿಲ್ಲ" ಅಂದನಲ್ಲ, ಅಣ್ಣ ಅದನ್ನು ನಂಬಲಿಲ್ಲ. ನಾನು ನಂಬಿದೆ. ಆನಾ ರೋಸ್ ಚೈಲ್ಡ್ರೆಸ್ ಅವರ ತಂಡ 2008ರಲ್ಲಿ ಕೊಕೇನ್ ಚಟದ 22 ಜನರಿಗೆ ಸ್ಕ್ಯಾನರ್ ಒಳಗೆ ಚಿತ್ರಗಳನ್ನು ತೋರಿಸಿತು. ಪ್ರತಿ ಚಿತ್ರ 33 ಮಿಲಿಸೆಕೆಂಡ್ ಮಾತ್ರ, ಕೂಡಲೇ ಅದನ್ನು ಮರೆಸುವ ಇನ್ನೊಂದು ಚಿತ್ರ. ಕಂಡಿತು ಅಂತ ಹೇಳೋಕೂ ಆಗದಷ್ಟು ಬೇಗ. ಆದರೂ ಕೊಕೇನ್‌ಗೆ ಸಂಬಂಧಪಟ್ಟ ಚಿತ್ರ ಬಂದಾಗ ಅಮಿಗ್ಡಲಾ ಮತ್ತು ಸ್ಟ್ರಯಾಟಮ್‌ನ ಕೆಳಭಾಗ ಎಚ್ಚೆತ್ತವು. ಕಣ್ಣಿಗೆ ಕಾಣದ್ದು ಮಿದುಳಿಗೆ ಕಂಡಿತ್ತು.

ಇನ್ನೊಂದು ಮಾತನ್ನೂ ಆತ ಹೇಳಿದ, ನಾಚಿಕೆಯಿಂದ. "ಸೇದಿದಾಗ ಏನೂ ಮಜಾ ಇರಲಿಲ್ಲ ಮೇಡಂ. ಆದ್ರೂ ಬೇಕಿತ್ತು." ಟೆರ್ರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಡ್ಜ್ 1993ರಲ್ಲಿ ಹೇಳಿದ್ದು ಇದನ್ನೇ. 'ಬೇಕು' ಅನ್ನುವುದಕ್ಕೂ 'ಇಷ್ಟ' ಅನ್ನುವುದಕ್ಕೂ ಮಿದುಳಿನಲ್ಲಿ ದಾರಿಗಳು ಬೇರೆ ಬೇರೆ. ಚಟ ಬೆಳೆದಂತೆ 'ಬೇಕು' ಹರಿತವಾಗುತ್ತಾ ಹೋಗುತ್ತದೆ, 'ಇಷ್ಟ' ಇದ್ದಲ್ಲೇ ಇರುತ್ತದೆ ಅಥವಾ ಕರಗುತ್ತದೆ.

ನಾವು ಎಡವಿದ್ದು

ಇಲ್ಲಿಯವರೆಗಿನದು ಆತನ ಮಿದುಳಿನ ಕಥೆ. ಚಿಕಿತ್ಸೆ ಕೊಟ್ಟವರ ಕಥೆಯನ್ನೂ ಹೇಳಬೇಕು.

ಮೊದಲ ಆರು ತಿಂಗಳಲ್ಲಿ ಆತನಿಗೆ ಚಿಕಿತ್ಸಾ ಕೋಣೆಯಲ್ಲಿ ಫೋಟೋ, ವಿಡಿಯೋ ತೋರಿಸಿ ತುಡಿತ ಇಳಿಸುವ ಅಭ್ಯಾಸ ಮಾಡಿಸಿದ್ದೆವು. ಸೊನ್ನೆಯಿಂದ ಹತ್ತರೊಳಗೆ ಎಷ್ಟು ತುಡಿತ ಅಂತ ಆತನೇ ಹೇಳಬೇಕು. ಮೊದಲ ದಿನ 8. ಕೊನೆಯ ದಿನ 1. ಫೈಲಿನಲ್ಲಿ ಖುಷಿಯಿಂದ ಬರೆದುಕೊಂಡೆವು.

ಹಳೆಯ ಪಾಠ ಅಳಿಸಿಹೋಯಿತು ಅಂತ ಅಂದುಕೊಂಡದ್ದೇ ತಪ್ಪು. ಮನಶ್ಶಾಸ್ತ್ರಜ್ಞ ಮಾರ್ಕ್ ಬೌಟನ್ ವರ್ಷಗಟ್ಟಲೆ ತೋರಿಸಿಕೊಟ್ಟಿರುವುದು ಏನೆಂದರೆ, ಹೀಗೆ ಮಾಡಿದಾಗ ಹಳೆಯ ಪಾಠ ಹಾಗೇ ಇರುತ್ತದೆ. ಅದರ ಪಕ್ಕದಲ್ಲಿ 'ಇಲ್ಲಿ ಏನೂ ಸಿಗುವುದಿಲ್ಲ' ಅನ್ನುವ ಹೊಸ ಪಾಠ ಕೂರುತ್ತದೆ. ಆ ಹೊಸ ಪಾಠದಲ್ಲಿ 'ಇಲ್ಲಿ' ಅನ್ನುವುದು ಬಹಳ ಮುಖ್ಯ. ಜಾಗ ಬದಲಾದರೆ ಹಳೆಯದು ಮತ್ತೆ ತಲೆ ಎತ್ತುತ್ತದೆ. ಇಲಿಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದಾರೆ: ಒಂದು ಪಂಜರದಲ್ಲಿ ಕಲಿತದ್ದನ್ನು ಇನ್ನೊಂದರಲ್ಲಿ ಬಿಡಿಸಿ, ಮೊದಲಿನದಕ್ಕೇ ವಾಪಸ್ ಬಿಟ್ಟರೆ, ಹಿಂದೆ ಮಾದಕ ಕೊಡುತ್ತಿದ್ದ ಸನ್ನೆ (ಲಿವರ್) ಒತ್ತಲು ಓಡುತ್ತವೆ. ಮನುಷ್ಯರಿಗೆ ಕೊಟ್ಟ ಇಂಥ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೆ ಅಳೆದು ನೋಡಿದ 2002ರ ವಿಮರ್ಶೆಗೂ ಭರವಸೆ ಇಡುವಂಥ ಫಲ ಕಾಣಲಿಲ್ಲ. ನಾವು ಆತನಿಗೆ ಕಲಿಸಿದ್ದು, ನಮ್ಮ ಕೋಣೆಯಲ್ಲಿ ಹೆರಾಯಿನ್ ಸಿಗುವುದಿಲ್ಲ ಅಂತ. ಅದು ಆತನಿಗೆ ಮೊದಲೇ ಗೊತ್ತಿತ್ತು!

ಎರಡನೆಯದು, ದಿನ ಎಣಿಸಿದ್ದು. ದಿನ ಕಳೆದಂತೆ ಸೆಳೆತ ನೇರವಾಗಿ ಇಳಿಯುತ್ತದೆ ಅಂತ ಎಲ್ಲರ ಲೆಕ್ಕ. ಆದರೆ 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೊಕೇನ್ ನಿಲ್ಲಿಸಿದ ಇಲಿಗಳು ಹಳೆಯ ದೀಪ, ಸದ್ದು ಕಂಡಾಗ ಸನ್ನೆ ಒತ್ತುವುದು ಮೊದಲ ದಿನಕ್ಕಿಂತ 60ನೇ ದಿನ ಜಾಸ್ತಿಯಾಗಿತ್ತು. ಮೊಟ್ಟೆಗೆ ಕಾವು ಕೊಟ್ಟ ಹಾಗೆ ತುಡಿತ ಒಳಗೇ ಬಲಿಯುತ್ತದೆ. ಆ ಹೊತ್ತಿಗೆ ಅಕಂಬೆನ್ಸ್‌ನ ನರಸಂಧಿಗಳಲ್ಲಿ ಕ್ಯಾಲ್ಸಿಯಂ ಒಳಬಿಡುವ ಬೇರೆ ಬಗೆಯ ಗ್ರಾಹಕಗಳು ಬಂದು ಕೂತಿರುತ್ತವೆ ಎಂದು 2008ರಲ್ಲಿ ಗೊತ್ತಾಯಿತು. ಚಿಕ್ಕ ಸುಳಿವಿಗೂ ದೊಡ್ಡ ಸದ್ದು ಮಾಡುವಂಥವು. 2016ರಲ್ಲಿ ಕೊಕೇನ್ ಬಿಟ್ಟ ಜನರ ಮಿದುಳಿನ ಅಲೆಗಳನ್ನು ಅಳೆದಾಗ ಇನ್ನೂ ಸ್ವಾರಸ್ಯದ ಸಂಗತಿ ಕಂಡಿತು. ಬಾಯಿಂದ ಹೇಳುವ ತುಡಿತ ದಿನೇ ದಿನೇ ಇಳಿಯುತ್ತಾ ಹೋಗಿತ್ತು. ಕೊಕೇನ್ ಚಿತ್ರಗಳಿಗೆ ಮಿದುಳಿನ ಪ್ರತಿಕ್ರಿಯೆ ಮಾತ್ರ ಒಂದು ತಿಂಗಳು, ಆರು ತಿಂಗಳ ಹೊತ್ತಿಗೆ ಏರಿದ್ದು, ವರ್ಷದ ಹೊತ್ತಿಗೆ ಇಳಿದಿತ್ತು. ನಾವು ಆತನನ್ನು ಕೇಳಿ ಬರೆದುಕೊಂಡ ಆ '1' ಏನನ್ನು ಅಳೆದಿತ್ತು ಅಂತ ಈಗ ಅನುಮಾನ.

ಮೂರನೆಯದು, ಹೆರಾಯಿನ್‌ನ ತುಡಿತ ತಡೆಯಲು ಕೊಡುವ ಬ್ಯೂಪ್ರೆನಾರ್ಫಿನ್ ಮಾತ್ರೆಯನ್ನು ಒಂಬತ್ತನೇ ತಿಂಗಳಿಗೆ ನಿಲ್ಲಿಸಿದ್ದು. ಚೆನ್ನಾಗಿದ್ದಾನಲ್ಲ, ಇನ್ನೂ ಮಾತ್ರೆ ಯಾಕೆ ಅಂತ ಮನೆಯವರು ಒತ್ತಾಯ ಮಾಡಿದರು. ಆತನಿಗೂ ಅದೇ ಬೇಕಿತ್ತು. ನಾವೂ ತಲೆಯಾಡಿಸಿದೆವು. ಬಿಪಿ ಸರಿಹೋಯಿತು ಅಂತ ಬಿಪಿ ಮಾತ್ರೆ ಬಿಟ್ಟ ಹಾಗಾಯಿತು. ಈ ಹೋಲಿಕೆ ಸುಮ್ನೆ ಬಾಯಿಮಾತಿಗಲ್ಲ. ಚಟ ಮರುಕಳಿಸುವ ಪ್ರಮಾಣ 40ರಿಂದ 60 ಶೇಕಡಾ, ಬಿಪಿ ಮತ್ತು ಅಸ್ತಮಾದಲ್ಲೂ ಹೆಚ್ಚುಕಮ್ಮಿ ಅಷ್ಟೇ ಎಂದು 2000ರಲ್ಲಿ ಒಂದು ಹೆಸರಾಂತ ವಿಮರ್ಶೆ ತೋರಿಸಿತ್ತು. ನಮಗೆ ಅದು ಗೊತ್ತಿತ್ತು ಕೂಡ.

ಹಿಂದಿನ ರಾತ್ರಿ ಆತ ನಿದ್ದೆ ಮಾಡಿರಲಿಲ್ಲ, ಬೆಳಗ್ಗೆ ಅಣ್ಣನ ಜೊತೆ ಜಗಳವಾಗಿತ್ತು. ದಣಿದ ದಿನ ಹಣೆಯ ಹಿಂದಿನ ಮಿದುಳು, ಅಂದರೆ 'ತಡಿ' ಅನ್ನುವ ಭಾಗ, ಮೊದಲೇ ಮಂಕಾಗಿರುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಮಾತೇ, ಜಾಸ್ತಿ ಎಳೆಯುವುದಿಲ್ಲ.

ಜಾಗ ಬಿಟ್ಟವರು

ಹಾಗಾದರೆ ಮೊದಲ 14 ತಿಂಗಳು ಹೇಗೆ ಉಳಿದ? ಇದಕ್ಕೆ ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕನ್ ಸೈನಿಕರ ಉದಾಹರಣೆ ಕೊಡಬೇಕು. ಲೀ ರಾಬಿನ್ಸ್ ಎಂಬ ಸಂಶೋಧಕಿ 1971ರ ಸೆಪ್ಟೆಂಬರ್‌ನಲ್ಲಿ ವಾಪಸಾದವರನ್ನು ಹುಡುಕಿ ಮಾತಾಡಿಸಿದರು. ಅಲ್ಲಿದ್ದಾಗ ಸುಮಾರು ಐವರಲ್ಲಿ ಒಬ್ಬರಿಗೆ ಹೆರಾಯಿನ್‌ನಂಥ ಮಾದಕದ ಚಟ ಹತ್ತಿತ್ತು. ಆ ಚಟ ಹತ್ತಿದವರಲ್ಲಿ, ಮನೆಗೆ ಬಂದ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ಶೇಕಡಾ 5 ಮಾತ್ರ. ಆಗ ಯಾರೂ ಇದನ್ನು ನಂಬಲು ತಯಾರಿರಲಿಲ್ಲ. ಕಾರಣ ಒಂದೇ ಅಲ್ಲ, ಆದರೆ ಅವರು ಸುಳಿವುಗಳನ್ನೆಲ್ಲ ಸಮುದ್ರದಾಚೆ ಬಿಟ್ಟು ಬಂದಿದ್ದರು ಅನ್ನುವುದು ದೊಡ್ಡ ಸಂಗತಿ. ಲೆಕ್ಸಿಂಗ್ಟನ್‌ನಿಂದ ಹೊರಟವರು ಸುಳಿವುಗಳ ನಡುವಿಗೇ ವಾಪಸಾಗುತ್ತಿದ್ದರು.

ನಮ್ಮವನು ಬಡಾವಣೆ ಬದಲಾಯಿಸಿದ್ದು ಒಂದು ರೀತಿಯಲ್ಲಿ ಆ ಸೈನಿಕರ ಹಾಗೆ. ಒಂದು ಮಧ್ಯಾಹ್ನದ ಮಟ್ಟಿಗೆ ವಾಪಸ್ ಹೋದ, ಅಷ್ಟೇ.

ಸಾವು ಹತ್ತಿರ ಬಂದದ್ದು ಯಾಕೆ

ಇದನ್ನು ಮನೆಯವರು ತಿಳಿದಿರಲೇಬೇಕು. ಸೇದುವ ದಿನಗಳಲ್ಲಿ ಆತನ ಮೈ ಆ ಡೋಸ್‌ಗೆ ಒಗ್ಗಿಕೊಂಡಿತ್ತು. ಉಸಿರಾಟ ನಡೆಸುವ ಮಿದುಳಿನ ಬುಡಕ್ಕೂ ಅಭ್ಯಾಸವಾಗಿತ್ತು. ಬಿಟ್ಟ ಮೇಲೆ ಆ ಒಗ್ಗಿಕೆ ಕರಗುತ್ತದೆ, ಅದೂ ಬೇಗ. ಫಾಯಿಲ್‌ನ ನೆನಪು ಕರಗುವುದಿಲ್ಲ. ಹಾಗಾಗಿ ತುಡಿತ ಆರು ವರ್ಷದ ಹಳಬನದು, ಉಸಿರು ಮಾತ್ರ ಹೊಸಬನದು. ಹಳಬನ ಕೈ ಹಳೆಯ ಅಳತೆಯನ್ನೇ ಹಾಕುತ್ತದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಿಡುಗಡೆಯಾದವರ ಬಗ್ಗೆ 2007ರಲ್ಲಿ ಬಂದ ಅಧ್ಯಯನದಲ್ಲಿ, ಹೊರಬಂದ ಮೊದಲ ಎರಡು ವಾರ ಓವರ್‌ಡೋಸ್‌ನಿಂದ ಸಾಯುವ ಅಪಾಯ ಅಲ್ಲಿನ ಉಳಿದ ಜನರಿಗಿಂತ 129 ಪಟ್ಟು ಇತ್ತು. ಬಿಟ್ಟವರು ಮತ್ತೆ ಜಾರಿದರೆ, ಬಿಡದವರಿಗಿಂತ ಸಾವಿಗೆ ಹತ್ತಿರ ಇರುತ್ತಾರೆ. ಇದನ್ನು ಬಿಡುಗಡೆಯ ದಿನವೇ ಕೂರಿಸಿ ಹೇಳಬೇಕು. ನಾವು ಹೇಳಿದ್ದು "ಇನ್ನು ಮುಟ್ಟಬೇಡ" ಅಂತ ಮಾತ್ರ.

ಅಳಿಸೋಕಾಗಲ್ವಾ?

ಆಸ್ಪತ್ರೆಯಿಂದ ಬಂದ ಮೇಲೆ ಆತ ಕೇಳಿದ ಪ್ರಶ್ನೆ ಇದು. "ಆ ನೆನಪನ್ನೇ ಕಿತ್ತುಹಾಕೋಕಾಗಲ್ವಾ ಮೇಡಂ?"

ಒಂದು ಸಲ ಆಗಿದ್ದುಂಟು, ಬಹಳ ವಿಚಿತ್ರವಾಗಿ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪಾರ್ಶ್ವವಾಯುವಿನಂಥ ಹೊಡೆತದಿಂದ ಮಿದುಳಿನ ಇನ್ಸುಲಾ ಭಾಗ ಹಾಳಾದ ಕೆಲವರು ಸಿಗರೇಟನ್ನು ಒಂದೇ ಏಟಿಗೆ ಬಿಟ್ಟಿದ್ದರು, ಆಮೇಲೆ ಅದರ ತುಡಿತವೇ ಬರಲಿಲ್ಲ. ಹೊಟ್ಟೆ, ಗಂಟಲು, ಎದೆಯ ಸಂವೇದನೆಗಳನ್ನು ನಮಗೆ ತಿಳಿಸುವ ಭಾಗ ಅದು. ಆತನ ಹೊಟ್ಟೆ ತೊಳೆಸಿದ್ದು, ಗಂಟಲ ಕಹಿ, ಇವುಗಳ ಹಾದಿಯೂ ಅಲ್ಲೇ. "ಹಾಗಂತ ಸ್ಟ್ರೋಕ್ ಬರ್ಲಿ ಅಂತ ಕೂರೋಕಾಗಲ್ಲ" ಅಂದೆ. ನಕ್ಕ. ಬಹಳ ದಿನದ ಮೇಲೆ.

ಇನ್ನೊಂದು ದಾರಿಯೂ ಇದೆ. ನೆನಪನ್ನು ಒಮ್ಮೆ ಎಬ್ಬಿಸಿದರೆ ಅದು ಸ್ವಲ್ಪ ಹೊತ್ತು ಹಸಿಯಾಗಿರುತ್ತದೆ, ಮತ್ತೆ ಗಟ್ಟಿಯಾಗುವ ಮೊದಲು ತಿದ್ದಬಹುದು ಎಂದು 2000ರಲ್ಲಿ ಕರೀಂ ನಾಡೆರ್ ಮತ್ತು ಸಂಗಡಿಗರು ಇಲಿಗಳಲ್ಲಿ ತೋರಿಸಿದರು. 2012ರಲ್ಲಿ ಚೀನಾದ ತಂಡ ಅದನ್ನೇ ಹೆರಾಯಿನ್ ಚಟದವರ ಮೇಲೆ ಮಾಡಿ ನೋಡಿತು. ಐದು ನಿಮಿಷದ ವಿಡಿಯೋ ತೋರಿಸಿ ನೆನಪು ಎಬ್ಬಿಸಿದರು, ಹತ್ತು ನಿಮಿಷ ಬಿಟ್ಟು ತುಡಿತ ಇಳಿಸುವ ಅಭ್ಯಾಸ ಶುರು ಮಾಡಿದರು. ಆರು ತಿಂಗಳ ನಂತರವೂ ತುಡಿತ ಕಡಿಮೆಯೇ ಇತ್ತು. ಹತ್ತು ನಿಮಿಷದ ಬದಲು ಆರು ಗಂಟೆ ಬಿಟ್ಟವರಿಗೆ ಆ ಲಾಭ ಸಿಗಲಿಲ್ಲ. ಅವರು ಅಳೆದದ್ದು ತುಡಿತವನ್ನು, ಮತ್ತೆ ಸೇದಿದರೋ ಇಲ್ಲವೋ ಅನ್ನುವುದನ್ನಲ್ಲ. ನನಗೆ ಈ ದಾರಿಯ ಮೇಲೆ ಆಸೆ ಇದೆ, ಆದರೆ ಅದರ ಮೇಲೆ ಒಬ್ಬನ ಜೀವ ಇಡುವಷ್ಟು ಧೈರ್ಯ ಇಲ್ಲ.

ಹಾಗಾಗಿ ಮಾಡಿದ್ದು ಇಷ್ಟು. ಬ್ಯೂಪ್ರೆನಾರ್ಫಿನ್ ಮತ್ತೆ ಶುರು, ಈ ಸಲ ಕೊನೆಯ ತಾರೀಕು ಹಾಕಿಲ್ಲ. ಅಕ್ಕನ ಕೈಚೀಲದಲ್ಲಿ ಮೂಗಿಗೆ ಸಿಂಪಡಿಸುವ ನಲಾಕ್ಸೋನ್. ಅದನ್ನು ಹೇಗೆ ಕೊಡುವುದು, ಕೊಟ್ಟ ಕೂಡಲೇ ಆಂಬುಲೆನ್ಸ್ ಕರೆಯುವುದು, ಎರಡನ್ನೂ ಮೂರು ಸಲ ಮಾಡಿಸಿ ನೋಡಿದೆವು. ಮಾತ್ರೆ ಹಿಡಿದ ಮೇಲೆ ಕೋಣೆಯ ಅಭ್ಯಾಸವನ್ನು ಮನೆಗೇ ತೆಗೆದುಕೊಂಡು ಹೋದೆವು: ಅಕ್ಕನ ಹೊಸ ಅಡುಗೆಮನೆ, ಆತನ ಅಡುಗೆಮನೆ, ಕೆಲಸದ ಜಾಗದ ಪ್ಯಾಂಟ್ರಿ. ಪ್ರತಿ ಕಡೆ ಒಬ್ಬರು ಜೊತೆಗೆ. ಒಂದು ರೋಲ್ ಫಾಯಿಲ್.

ಅಕ್ಕ ಮನೆಯಿಂದ ಫಾಯಿಲ್ ಎಸೆದುಬಿಡ್ತೀನಿ ಅಂದಿದ್ದರು. "ಬೇಡ ಕಣಕ್ಕ, ಇರ್ಲಿ" ಅಂದ ಆತ. "ನೀನು ಎಸೆದ್ರೆ ಪ್ರಪಂಚದಲ್ಲಿರೋದೆಲ್ಲ ಖಾಲಿಯಾಗುತ್ತಾ?"

ಮೊದಲ ಸಲ 7. ಹರಿದ, ಕೈ ತಾನಾಗಿ ಹಾಳೆಯ ಮೇಲೆ ಹೋಯಿತು, ಹೆಬ್ಬೆರಳು ನಿಂತಿತು. ಆಕಳಿಕೆ ಬಂತು. ಅದನ್ನು ಆಕಳಿಕೆ ಅಂತ ಗುರುತಿಸಿ ಗಟ್ಟಿಯಾಗಿ ಹೇಳಿದ. ಇಪ್ಪತ್ತೈದು ನಿಮಿಷಕ್ಕೆ 3. ಹನ್ನೊಂದನೇ ಸಲದ ಹೊತ್ತಿಗೆ ಹಾಳೆಯನ್ನು ಸುಕ್ಕು ಸುಕ್ಕಾಗಿಯೇ ಪಾತ್ರೆಗೆ ಮುಚ್ಚಿ, ಬಾಯಿಯ ಸುತ್ತ ಅಡ್ಡಾದಿಡ್ಡಿ ಮಡಚಿದ. 2 ಅಂದ.

ಅದೇ ವಾರ ಕೆಲಸದ ಜಾಗದಲ್ಲಿ ಯಾರೋ ಹೊಸ ಸಿಗರೇಟ್ ಪ್ಯಾಕ್ ಬಿಚ್ಚಿ, ಒಳಗಿನ ಬೆಳ್ಳಿ ಹಾಳೆಯನ್ನು ಎಳೆದು ಮೇಜಿನ ಮೇಲೆ ಬಿಟ್ಟರು. ಆತ ಹೊರಗೆ ನಡೆದು ಬಂದು ನನಗೆ ಫೋನ್ ಮಾಡಿದ. "ಹಲೋ" ಕೂಡ ಅನ್ನಲಿಲ್ಲ.

"ಆರು" ಅಂದ.